ವಿನಾಯಿತಿಯ ತೀರ್ಪನ್ನು ಓದುವ ಬಗೆ: ದೇಶದ ಕೋರ್ಟು ಅಂತರರಾಷ್ಟ್ರೀಯ ಕಾನೂನನ್ನು ಎಲ್ಲಿ, ಎಷ್ಟು ಬದಲಿಸಿತು ಎಂದು ಅಳೆಯುವುದು

ಪಶ್ಚಿಮ ಜರ್ಮನಿಯ ಕಲೋನ್ ನಗರದಲ್ಲಿದ್ದ ಇರಾನ್ ರಾಯಭಾರ ಕಚೇರಿಯಲ್ಲಿ ಕೋಣೆಗಳನ್ನು ಬೆಚ್ಚಗಿಡುವ ಹೀಟಿಂಗ್ ವ್ಯವಸ್ಥೆ ಕೆಟ್ಟಿತ್ತು. ಅಲ್ಲಿನ ಒಂದು ಸಂಸ್ಥೆ ಅದನ್ನು ದುರಸ್ತಿ ಮಾಡಿ ಬಿಲ್ ಕೊಟ್ಟಿತು. ಹಣ ಬರಲಿಲ್ಲವಾದ್ದರಿಂದ ದಾವೆ ಹೂಡಿತು. ಇರಾನ್ ಒಂದು ಸಾರ್ವಭೌಮ ದೇಶ, ಅದನ್ನು ಬೇರೊಂದು ದೇಶದ ಕೋರ್ಟಿಗೆ ಎಳೆಯಬಹುದೇ ಎಂಬ ಪ್ರಶ್ನೆ ಎದ್ದಾಗ ವ್ಯಾಜ್ಯ ಜರ್ಮನಿಯ ಸಂವಿಧಾನ ನ್ಯಾಯಾಲಯದ ಮುಂದೆ ಬಂತು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಂಥದೊಂದು ಸಾಮಾನ್ಯ ನಿಯಮ ಇದೆಯೇ ಎಂಬ ಸಂಶಯ ಕೆಳಗಿನ ಕೋರ್ಟಿಗೆ ಬಂದರೆ ಅದನ್ನು ಸಂವಿಧಾನ ನ್ಯಾಯಾಲಯಕ್ಕೇ ಒಪ್ಪಿಸಬೇಕೆಂದು ಆ ದೇಶದ ಮೂಲ ಕಾನೂನಿನ 100ನೇ ವಿಧಿ ಹೇಳುತ್ತದೆ. 1963ರ ಏಪ್ರಿಲ್ 30ರಂದು ಬಂದ ತೀರ್ಮಾನದಲ್ಲಿ ನ್ಯಾಯಾಲಯವು ಬೇರೆ ಬೇರೆ ದೇಶಗಳ ಕೋರ್ಟುಗಳು ಅಲ್ಲಿಯವರೆಗೆ ಕೊಟ್ಟಿದ್ದ ತೀರ್ಪುಗಳನ್ನು, ಒಪ್ಪಂದಗಳನ್ನು, ವಿದ್ವಾಂಸರ ಬರಹಗಳನ್ನು ಒಂದೊಂದಾಗಿ ಪರಿಶೀಲಿಸಿತು. ವಿದೇಶಿ ಸರ್ಕಾರ ಸಾರ್ವಭೌಮ ಅಧಿಕಾರದಿಂದ ಮಾಡಿದ ಕೆಲಸಕ್ಕೆ ವಿನಾಯಿತಿ (ಬೇರೆ ದೇಶದ ಕೋರ್ಟಿನ ವಿಚಾರಣೆಯಿಂದ ರಕ್ಷಣೆ) ಉಂಟು, ಯಾವ ಖಾಸಗಿ ವ್ಯಕ್ತಿಯಾದರೂ ಮಾಡಬಹುದಾದ ವ್ಯವಹಾರಕ್ಕೆ ವಿನಾಯಿತಿ ಕೊಡಲೇಬೇಕೆಂಬ ನಿಯಮ ಇಲ್ಲ ಎಂದಿತು. ರಾಯಭಾರ ಕಚೇರಿ ಬೆಚ್ಚಗಿರಬೇಕಾದ ಉದ್ದೇಶ ರಾಜತಾಂತ್ರಿಕವಾಗಿರಬಹುದು, ಆದರೆ ನೋಡಬೇಕಾದದ್ದು ಉದ್ದೇಶವನ್ನಲ್ಲ, ಕೃತ್ಯದ ಸ್ವರೂಪವನ್ನು. ದುರಸ್ತಿಯ ಕರಾರು ಎಷ್ಟಾದರೂ ದುರಸ್ತಿಯ ಕರಾರೇ.

ಅಂದು ಆ ನ್ಯಾಯಾಲಯ ಬೇರೆ ಕೋರ್ಟುಗಳ ತೀರ್ಪುಗಳನ್ನು ಸಾಕ್ಷಿಯಾಗಿ ಬಳಸಿತು. ಮರುದಿನದಿಂದ ಅದರ ತೀರ್ಪನ್ನು ಬೇರೆ ಕೋರ್ಟುಗಳು ಸಾಕ್ಷಿಯಾಗಿ ಬಳಸತೊಡಗಿದವು. ವಿನಾಯಿತಿಯ ಕಾನೂನು ಬೆಳೆದದ್ದು ಬಹುಪಾಲು ಈ ರೀತಿಯಲ್ಲಿ. ಕಾನೂನು ಕಾಲೇಜುಗಳಲ್ಲಿ ಈ ವಿಷಯ ಓದುವವರು, ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಸ್ಪರ್ಧೆಗೆ ಸಿದ್ಧರಾಗುವವರು, ವಿದೇಶಿ ದೂತಾವಾಸದಿಂದ ಬಾಕಿ ಬರಬೇಕಾದ ಕಕ್ಷಿದಾರರಿಗೆ ಸಲಹೆ ನೀಡಬೇಕಾದ ವಕೀಲರು ಇಂಥ ತೀರ್ಪೊಂದನ್ನು ಕೈಗೆತ್ತಿಕೊಂಡಾಗ ಅದು ಅಂತರರಾಷ್ಟ್ರೀಯ ಕಾನೂನಿಗೆ ಎಷ್ಟರ ಮಟ್ಟಿಗೆ ತೂಕ ಸೇರಿಸುತ್ತದೆ ಎಂದು ಅಳೆಯುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ.

ಮೊದಲಿಗೆ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಮುದ್ರದ ಕಾನೂನಿಗೆ ದೊಡ್ಡ ಒಪ್ಪಂದವಿದೆ, ರಾಯಭಾರಿಗಳ ವಿಷಯಕ್ಕೆ 1961ರ ವಿಯೆನ್ನಾ ಒಪ್ಪಂದವಿದೆ. ಆದರೆ ದೇಶಗಳ ವಿನಾಯಿತಿಗೆ ಸಂಬಂಧಿಸಿ ವಿಶ್ವಸಂಸ್ಥೆ 2004ರ ಡಿಸೆಂಬರ್ 2ರಂದು ಅಂಗೀಕರಿಸಿದ ಒಪ್ಪಂದ ಜಾರಿಗೆ ಬರಲು 30 ದೇಶಗಳ ಅನುಮೋದನೆ ಬೇಕಿದ್ದು, ಅದು ಇನ್ನೂ ಜಾರಿಗೆ ಬಂದಿಲ್ಲ. ಭಾರತ 2007ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. ಹಾಗಾಗಿ ಇಲ್ಲಿ ಆಳುತ್ತಿರುವುದು ರೂಢಿಗತ ಕಾನೂನು. ರೂಢಿಗೆ ಎರಡು ಅಂಶಗಳು ಬೇಕು: ದೇಶಗಳು ವಾಸ್ತವವಾಗಿ ಹಾಗೆ ನಡೆದುಕೊಳ್ಳುತ್ತಿರಬೇಕು, ಹಾಗೆ ನಡೆದುಕೊಳ್ಳುವುದು ಸೌಜನ್ಯದಿಂದಲ್ಲ, ಕಾನೂನಿನ ಕಟ್ಟಿನಿಂದ ಎಂಬ ನಂಬಿಕೆ ಇರಬೇಕು. ವಿನಾಯಿತಿ ಎಂಬುದೇ ಕೋರ್ಟಿಗೆ ಹೇಳುವ ‘ನೀನು ಇದನ್ನು ವಿಚಾರಿಸಬೇಡ’ ಎಂಬ ಮಾತಾದ್ದರಿಂದ, ಈ ಎರಡೂ ಅಂಶಗಳು ಬೇರೆಲ್ಲಿಗಿಂತ ಹೆಚ್ಚಾಗಿ ಕೋರ್ಟಿನ ತೀರ್ಪುಗಳಲ್ಲೇ ಸಿಗುತ್ತವೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2018ರಲ್ಲಿ ರೂಢಿಯನ್ನು ಗುರುತಿಸುವ ಬಗ್ಗೆ ಹೊರತಂದ ನಿರ್ಣಯಗಳಲ್ಲಿ ದೇಶದ ಕೋರ್ಟುಗಳ ತೀರ್ಪಿಗೆ ಮೂರು ಕಡೆ ಜಾಗ ಕೊಟ್ಟಿದೆ: ದೇಶದ ನಡವಳಿಕೆಯಾಗಿ, ಕಾನೂನಿನ ನಂಬಿಕೆಗೆ ಪುರಾವೆಯಾಗಿ, ನಿಯಮ ಏನೆಂದು ತಿಳಿಯುವ ಪೂರಕ ಸಾಧನವಾಗಿ. ಒಂದೇ ಕಾಗದ ಮೂರು ಕೆಲಸ ಮಾಡುತ್ತಿರುವಾಗ, ನಾವು ಅದನ್ನು ಯಾವ ಕೆಲಸಕ್ಕೆ ಕರೆಯುತ್ತಿದ್ದೇವೆ ಎಂಬುದು ನಮಗೆ ಸ್ಪಷ್ಟವಿರಬೇಕು.

ಯಾರ ವಿನಾಯಿತಿ, ಯಾವುದರಿಂದ

ತೀರ್ಪಿನ ಮೊದಲ ಓದಿನಲ್ಲಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಸಾಕು. ಎದುರಾಳಿ ದೇಶವೇ, ಹುದ್ದೆಯಲ್ಲಿರುವ ರಾಷ್ಟ್ರಮುಖ್ಯಸ್ಥರೇ, ಹುದ್ದೆ ಬಿಟ್ಟ ಅಧಿಕಾರಿಯೇ, ರಾಯಭಾರಿಯೇ, ಅಂತರರಾಷ್ಟ್ರೀಯ ಸಂಸ್ಥೆಯೇ ಎಂದು ನೋಡಿ. ಅಧ್ಯಕ್ಷ, ಪ್ರಧಾನಿ, ವಿದೇಶಾಂಗ ಸಚಿವರಿಗೆ ಹುದ್ದೆಯಲ್ಲಿರುವಷ್ಟು ಕಾಲ ಸಿಗುವ ವೈಯಕ್ತಿಕ ವಿನಾಯಿತಿ ಬಹುತೇಕ ಪೂರ್ಣವಾದದ್ದು. ಉಳಿದ ಅಧಿಕಾರಿಗಳಿಗೆ ಅವರು ಮಾಡಿದ ಸರ್ಕಾರಿ ಕೆಲಸಕ್ಕೆ ಮಾತ್ರ ಅಂಟಿಕೊಂಡ ವಿನಾಯಿತಿ ಬೇರೆ, ಅದನ್ನು ಮುಂದೆ ‘ಹುದ್ದೆಯ ವಿನಾಯಿತಿ’ ಎಂದು ಕರೆಯುತ್ತೇನೆ. ಆಮೇಲೆ, ಪ್ರಶ್ನೆ ಇರುವುದು ವಿಚಾರಣೆಯಿಂದ ವಿನಾಯಿತಿಯದ್ದೇ, ಡಿಕ್ರಿಯ (ಕೋರ್ಟು ಕೊಟ್ಟ ಆದೇಶದ) ಅಮಲ್ಜಾರಿಯಿಂದ ವಿನಾಯಿತಿಯದ್ದೇ ಎಂದು ಗುರುತಿಸಿ. ವಿಚಾರಣೆಯಲ್ಲಿ ಗೆದ್ದವರು ದೂತಾವಾಸದ ಬ್ಯಾಂಕ್ ಖಾತೆ ಜಪ್ತಿ ಮಾಡಲು ಹೋಗಿ ಬರಿಗೈಯಲ್ಲಿ ಮರಳಿದ ಉದಾಹರಣೆಗಳಿವೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಈ ಸ್ಥಿತಿ ಬೇರೆಯದೇ ನಿಯಮದಿಂದ ಹುಟ್ಟುವಂಥದ್ದು. ಒಂದು ಬಗೆಯ ವಿನಾಯಿತಿಯ ತೀರ್ಪನ್ನು ಇನ್ನೊಂದು ಬಗೆಗೆ ಆಧಾರವಾಗಿ ಎತ್ತಿಕೊಂಡ ವಾದ ಎದುರು ವಕೀಲರ ಒಂದೇ ಪ್ರಶ್ನೆಗೆ ಕುಸಿಯುತ್ತದೆ.

ಅಂಚಿನಲ್ಲಿ ಮೂರು ಅಕ್ಷರ

ಎರಡನೇ ಓದು ಪೆನ್ಸಿಲ್ ಹಿಡಿದು ಮಾಡುವ ಓದು, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದ ಜೀವಾಳ ಇದೇ. ತೀರ್ಪಿನ ಪ್ರತಿಯೊಂದು ಮುಖ್ಯ ಪ್ಯಾರಾದ ಅಂಚಿನಲ್ಲಿ ‘ಕಾ’, ‘ಒ’, ‘ರೂ’ ಎಂಬ ಮೂರು ಅಕ್ಷರಗಳಲ್ಲಿ ಒಂದನ್ನು ಬರೆಯಿರಿ. ನ್ಯಾಯಾಧೀಶರು ಆ ಪ್ಯಾರಾದಲ್ಲಿ ನಿಂತಿರುವುದು ತಮ್ಮ ದೇಶದ ಕಾಯ್ದೆಯ ಮೇಲೋ, ಒಪ್ಪಂದದ ಮೇಲೋ, ರೂಢಿಗತ ಅಂತರರಾಷ್ಟ್ರೀಯ ಕಾನೂನಿನ ಮೇಲೋ ಎಂಬುದೇ ಈ ಗುರುತು. ಓದು ಮುಗಿದಾಗ ಅಂಚಿನಲ್ಲಿ ‘ರೂ’ ಹೆಚ್ಚಿದ್ದರೆ ಆ ತೀರ್ಪು ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ನೇರವಾಗಿ ಮಾತಾಡುತ್ತಿದೆ. ‘ಕಾ’ ಹೆಚ್ಚಿದ್ದರೆ ಅದು ಆ ದೇಶದ ನಡವಳಿಕೆಯನ್ನು ತೋರಿಸುತ್ತದೆ, ಆದರೆ ‘ರೂಢಿ ಹೀಗಿದೆ’ ಎಂಬ ನಂಬಿಕೆಗೆ ಅಷ್ಟು ಗಟ್ಟಿ ಪುರಾವೆಯಾಗುವುದಿಲ್ಲ. ಸಂಸತ್ತು ಅಂತರರಾಷ್ಟ್ರೀಯ ಕಾನೂನು ಬೇಡಿದ್ದಕ್ಕಿಂತ ಹೆಚ್ಚಿನ ವಿನಾಯಿತಿಯನ್ನೂ ಕೊಟ್ಟಿರಬಹುದು, ಕಡಿಮೆಯನ್ನೂ ಕೊಟ್ಟಿರಬಹುದು.

1812ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ‘ಸ್ಕೂನರ್ ಎಕ್ಸ್‌ಚೇಂಜ್’ ತೀರ್ಪನ್ನು ಹೀಗೆ ಓದಿದರೆ ಪುಟದ ತುಂಬ ‘ರೂ’ಗೆ ಹತ್ತಿರದ ಗುರುತೇ ಬೀಳುತ್ತದೆ. ಅಮೆರಿಕದ ಇಬ್ಬರು ವ್ಯಾಪಾರಿಗಳ ಹಡಗನ್ನು ನೆಪೋಲಿಯನ್ ಆಳ್ವಿಕೆಯ ಫ್ರಾನ್ಸ್ 1810ರಲ್ಲಿ ಹಿಡಿದು ಯುದ್ಧನೌಕೆಯಾಗಿ ಮಾಡಿಕೊಂಡಿತ್ತು. ಮರುವರ್ಷ ಹವಾಮಾನ ಕೆಟ್ಟು ಅದು ಫಿಲಡೆಲ್ಫಿಯಾ ಬಂದರಿಗೆ ಬಂದಾಗ ಹಳೆಯ ಮಾಲೀಕರು ತಮ್ಮದೆಂದು ಕೇಳಿದರು. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರ ಮುಂದೆ ಕಾಯ್ದೆಯೂ ಇರಲಿಲ್ಲ, ಹೇಳಿಕೊಳ್ಳುವಂಥ ಹಿಂದಿನ ತೀರ್ಪೂ ಇರಲಿಲ್ಲ, ಮತ್ತು ಅವರು ಅದನ್ನು ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡಿದ್ದಾರೆ. ಸರಿಸಮಾನ ಸಾರ್ವಭೌಮರು ಪರಸ್ಪರ ಕೊಟ್ಟುಕೊಂಡ ಮೌನ ಸಮ್ಮತಿಯ ತರ್ಕದಿಂದ ಅವರು ಯುದ್ಧನೌಕೆಗೆ ವಿನಾಯಿತಿ ಕೊಟ್ಟರು, ಮತ್ತು ಆ ತರ್ಕವೇ ಮುಂದಿನ ಶತಮಾನದ ನೆಲಗಟ್ಟಾಯಿತು. ಆ ನೆಲಗಟ್ಟಿನ ಮೇಲೆ ಸರ್ಕಾರದ ಯಾವ ಕೆಲಸವನ್ನೂ ಕೋರ್ಟು ಮುಟ್ಟಬಾರದೆಂಬ ಪೂರ್ಣ ವಿನಾಯಿತಿಯ ಕಟ್ಟಡ ಎದ್ದಿತು. ಅದನ್ನು ಸಡಿಲಿಸಿದವೂ ಕೋರ್ಟುಗಳೇ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇಟಲಿಯ ಕೋರ್ಟುಗಳು, 1903ರಲ್ಲಿ ರೈಲ್ವೆ ಕರಾರೊಂದರ ವ್ಯಾಜ್ಯದಲ್ಲಿ ಬೆಲ್ಜಿಯಂನ ಸರ್ವೋಚ್ಚ ನ್ಯಾಯಾಲಯ, ಸರ್ಕಾರ ವ್ಯಾಪಾರಿಯಂತೆ ನಡೆದುಕೊಂಡಾಗ ವ್ಯಾಪಾರಿಯಂತೆಯೇ ಕಟಕಟೆಗೆ ಬರಬೇಕೆಂದವು.

ಈಗ ಅಮೆರಿಕದ್ದೇ 1992ರ ‘ವೆಲ್ಟೋವರ್’ ತೀರ್ಪನ್ನು ಎದುರಿಗೆ ಇಡಿ. ಅರ್ಜೆಂಟೀನಾ ಸಾಲಪತ್ರಗಳನ್ನು ಮಾರಿ, ಕಂತು ತೀರಿಸುವ ದಿನ ಮುಂದೂಡಿದ ಈ ಪ್ರಕರಣದಲ್ಲಿ ಕೋರ್ಟು ಕೃತ್ಯದ ಸ್ವರೂಪವನ್ನೇ ನೋಡಬೇಕು, ಉದ್ದೇಶವನ್ನಲ್ಲ ಎಂದಿತು. ಮಾತು 1963ರ ಜರ್ಮನ್ ತೀರ್ಪಿನಂತೆಯೇ ಕೇಳುತ್ತದೆ, ಆದರೆ ಅಂಚಿನ ಗುರುತು ‘ಕಾ’. ಅಮೆರಿಕದ 1976ರ ಕಾಯ್ದೆಯೇ ಹಾಗೆ ಹೇಳುತ್ತದೆ, ಕೋರ್ಟು ಅದನ್ನು ಅರ್ಥೈಸಿತು.

‘ಒ’ ಗುರುತಿನ ಪ್ರಸಿದ್ಧ ಉದಾಹರಣೆ ಪಿನೊಚೆ ಪ್ರಕರಣ. ಚಿಲಿಯ ಮಾಜಿ ಸರ್ವಾಧಿಕಾರಿಯನ್ನು ಸ್ಪೇನಿನ ಕೋರಿಕೆಯಂತೆ 1998ರ ಅಕ್ಟೋಬರ್ 16ರಂದು ಲಂಡನ್ನಿನಲ್ಲಿ ಬಂಧಿಸಲಾಯಿತು, ಮತ್ತು 1999ರ ಮಾರ್ಚ್ 24ರಂದು, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಏಳು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಚಿತ್ರಹಿಂಸೆಯ ಆರೋಪಕ್ಕೆ ಆತನಿಗೆ ವಿನಾಯಿತಿ ಇಲ್ಲವೆಂದರು. ‘ಘೋರ ಅಪರಾಧಗಳಿಗೆ ವಿನಾಯಿತಿ ಇಲ್ಲವೆಂದು ಪಿನೊಚೆ ತೀರ್ಪು ಸ್ಥಾಪಿಸಿತು’ ಎಂದು ಎಷ್ಟೋ ಉತ್ತರ ಪತ್ರಿಕೆಗಳಲ್ಲಿ, ವಾದಪತ್ರಗಳಲ್ಲಿ ಓದುತ್ತೇವೆ. ತೀರ್ಪನ್ನೇ ತೆರೆದರೆ ಏಳು ಮಂದಿಯೂ ಪ್ರತ್ಯೇಕ ಅಭಿಪ್ರಾಯ ಬರೆದಿದ್ದು, ಬಹುಮತದ ದಾರಿ ನಿಂತಿರುವುದು 1984ರ ಚಿತ್ರಹಿಂಸೆ ವಿರೋಧಿ ಒಪ್ಪಂದದ ಮೇಲೆ ಎಂಬುದು ಕಾಣುತ್ತದೆ. ಚಿಲಿ, ಸ್ಪೇನ್, ಬ್ರಿಟನ್ ಮೂರೂ ಆ ಒಪ್ಪಂದಕ್ಕೆ ಸೇರಿದ್ದವು. ಆದ್ದರಿಂದಲೇ ಆ ಒಪ್ಪಂದ ಬ್ರಿಟನ್ನಿನಲ್ಲಿ ಜಾರಿಗೆ ಬರುವ ಮೊದಲಿನ, ಅಂದರೆ 1988ರ ಕೊನೆಯ ತಿಂಗಳುಗಳ ಹಿಂದಿನ ಆರೋಪಗಳೆಲ್ಲ ಬಿದ್ದುಹೋದವು. ಆತ ಹುದ್ದೆ ಬಿಟ್ಟಿದ್ದ ಮಾಜಿ ಮುಖ್ಯಸ್ಥ ಎಂಬುದೂ ನಿರ್ಣಾಯಕವಾಗಿತ್ತು. ತೀರ್ಪು ಚಿಕ್ಕದೆಂದು ಹೇಳುತ್ತಿಲ್ಲ. ಅದು ಆಡಿದಷ್ಟನ್ನೇ ಆಡಿಸಬೇಕು ಎನ್ನುತ್ತಿದ್ದೇನೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಇದೇ ಎಚ್ಚರದಿಂದ ಓದಿತು. 2002ರ ಫೆಬ್ರವರಿ 14ರಂದು, ಕಾಂಗೋದ ವಿದೇಶಾಂಗ ಸಚಿವರ ವಿರುದ್ಧ ಬೆಲ್ಜಿಯಂ ಹೊರಡಿಸಿದ್ದ ವಾರಂಟಿನ ಪ್ರಕರಣದಲ್ಲಿ, ಹೌಸ್ ಆಫ್ ಲಾರ್ಡ್ಸ್ ಮತ್ತು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳನ್ನು ಹೆಸರಿಸಿ ಪರಿಶೀಲಿಸಿ, ಹುದ್ದೆಯಲ್ಲಿರುವ ಸಚಿವರ ವಿನಾಯಿತಿಗೆ ಅಪವಾದ ಇದೆಯೆಂದು ಇವುಗಳಿಂದ ಹೇಳಲಾಗದು ಎಂದಿತು.

ಮೂರೂ ಗುರುತುಗಳು ಕಲೆತ ತೀರ್ಪುಗಳು ಕಲಿಯಲು ಉತ್ತಮ. ಲಂಡನ್ನಿನ ಸುಡಾನ್ ಮತ್ತು ಲಿಬಿಯಾ ದೂತಾವಾಸಗಳಲ್ಲಿ ಮನೆಗೆಲಸದ ಸ್ವರೂಪದ ಕೆಲಸ ಮಾಡುತ್ತಿದ್ದ ಇಬ್ಬರು ಮಹಿಳೆಯರು ಉದ್ಯೋಗದ ಹಕ್ಕುಗಳಿಗಾಗಿ ಹೂಡಿದ ‘ಬೆನ್‌ಖರ್ಬೂಷ್’ ಪ್ರಕರಣದಲ್ಲಿ ಬ್ರಿಟನ್ನಿನ 1978ರ ಕಾಯ್ದೆ ಅವರ ದಾರಿಗೆ ಅಡ್ಡ ನಿಂತಿತ್ತು. 2017ರ ಅಕ್ಟೋಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಬದಿಗಿಟ್ಟು ರೂಢಿ ಏನು ಹೇಳುತ್ತದೆಂದು ಹುಡುಕಿತು, ಇಂಥ ನೌಕರರ ವಿಷಯದಲ್ಲಿ ರೂಢಿ ಇಷ್ಟು ದೊಡ್ಡ ವಿನಾಯಿತಿಯನ್ನು ಬೇಡುವುದಿಲ್ಲವೆಂದು ಕಂಡಿತು, ಹಾಗಾಗಿ ಕಾಯ್ದೆ ಯುರೋಪಿನ ಮಾನವ ಹಕ್ಕು ಒಪ್ಪಂದ ಕೊಟ್ಟ ನ್ಯಾಯ ಕೇಳುವ ಹಕ್ಕಿಗೆ ವಿರುದ್ಧವೆಂದು ಘೋಷಿಸಿತು. 2023ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ‘ಕಾ’ ಮತ್ತು ‘ರೂ’ ಒಂದೇ ಅಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪಾಠ ನನಗೆ ಸಿಕ್ಕಿಲ್ಲ.

ಸರ್ಕಾರ ಏನು ಹೇಳಿತು, ಮೇಲಿನ ಕೋರ್ಟು ಏನು ಮಾಡಿತು

ದೇಶಕ್ಕೆ ಹಲವು ಬಾಯಿಗಳಿರುತ್ತವೆ. ಕೋರ್ಟು ಒಂದನ್ನು ಹೇಳಿ ವಿದೇಶಾಂಗ ಸಚಿವಾಲಯ ಇನ್ನೊಂದನ್ನು ಹೇಳಿದರೆ ಆ ದೇಶದ ನಡವಳಿಕೆಯ ತೂಕ ತಗ್ಗುತ್ತದೆ. ಆದ್ದರಿಂದ ತೀರ್ಪಿನ ಜೊತೆ ಅಂದಿನ ಸರ್ಕಾರದ ನಿಲುವನ್ನೂ ಹುಡುಕಿ. ಅಮೆರಿಕದಲ್ಲಿ 1952ರ ಮೇ ತಿಂಗಳಿನಲ್ಲಿ ವಿದೇಶಾಂಗ ಇಲಾಖೆಯ ಹಂಗಾಮಿ ಕಾನೂನು ಸಲಹೆಗಾರ ಜ್ಯಾಕ್ ಟೇಟ್ ಬರೆದ ಪತ್ರವೇ ಪೂರ್ಣ ವಿನಾಯಿತಿಯನ್ನು ಕೈಬಿಟ್ಟಿತು. ಅಲ್ಲಿಂದ 1976ರವರೆಗೆ ಅಲ್ಲಿನ ಕೋರ್ಟುಗಳು ಬಹುಮಟ್ಟಿಗೆ ಇಲಾಖೆಯ ಸೂಚನೆಯಂತೆ ನಡೆದವು. ಆ ಅವಧಿಯ ತೀರ್ಪನ್ನು ಸ್ವತಂತ್ರ ನ್ಯಾಯಿಕ ಚಿಂತನೆಯೆಂದು ಉಲ್ಲೇಖಿಸಿದರೆ ತಪ್ಪಾಗುತ್ತದೆ.

ಕೆಳಗಿನ ಕೋರ್ಟಿನ ತೀರ್ಪು ಮೇಲ್ಮನವಿಯಲ್ಲಿ ಉಳಿಯಿತೇ ಎಂದು ನೋಡುವುದು ಮರೆಯಬಾರದು. ಗ್ರೀಸಿನ ದಿಸ್ತೊಮೊ ಹಳ್ಳಿಯಲ್ಲಿ 1944ರ ಜೂನ್ 10ರಂದು ಜರ್ಮನ್ ಪಡೆಗಳು ನಡೆಸಿದ ಹತ್ಯಾಕಾಂಡದಲ್ಲಿ ಸತ್ತವರ ಬಂಧುಗಳ ಪರವಾಗಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಜರ್ಮನಿಗೆ ವಿನಾಯಿತಿ ನಿರಾಕರಿಸಿತು. ಆದರೆ ಡಿಕ್ರಿಯ ಅಮಲ್ಜಾರಿಗೆ ಗ್ರೀಸ್ ಸರ್ಕಾರವೇ ಅನುಮತಿ ಕೊಡಲಿಲ್ಲ, ಮತ್ತು 2002ರಲ್ಲಿ ಅಲ್ಲಿನ ವಿಶೇಷ ಉನ್ನತ ನ್ಯಾಯಾಲಯ ‘ಮಾರ್ಗೆಲ್ಲೋಸ್’ ಪ್ರಕರಣದಲ್ಲಿ ವಿರುದ್ಧ ದಿಕ್ಕಿಗೆ ತಿರುಗಿತು. 2000ದ ತೀರ್ಪನ್ನು ಮಾತ್ರ ಓದಿದವರಿಗೆ ಗ್ರೀಸ್ ಒಂದು ಕಡೆ ಕಾಣುತ್ತದೆ, ಎರಡನ್ನೂ ಓದಿದವರಿಗೆ ಇನ್ನೊಂದು ಕಡೆ.

ಒಂದು ಸರಪಳಿಯನ್ನು ತುದಿಯಿಂದ ತುದಿಗೆ ಹಿಡಿಯುವುದು

ಬಿಡಿ ತೀರ್ಪು ಓದುವುದು ಬಂದ ಮೇಲೆ, ಒಂದು ತೀರ್ಪು ಇನ್ನೊಂದಕ್ಕೆ ಹೇಗೆ ಉತ್ತರ ಕೊಡುತ್ತದೆ ಎಂದು ನೋಡಬೇಕು. ಇದಕ್ಕೆ ಇಟಲಿಯ ‘ಫೆರಿನಿ’ ಪ್ರಕರಣದಿಂದ ಹೊರಟ ಸರಪಳಿಯನ್ನು ಹಿಡಿಯುವುದು ಒಳ್ಳೆಯದು, ಏಕೆಂದರೆ ಇದರಲ್ಲಿ ದೇಶದ ಕೋರ್ಟುಗಳ ಶಕ್ತಿಯೂ ಮಿತಿಯೂ ಒಟ್ಟಿಗೆ ಕಾಣುತ್ತವೆ.

1944ರ ಆಗಸ್ಟಿನಲ್ಲಿ ಜರ್ಮನ್ ಸೈನಿಕರು ಇಟಲಿಯಲ್ಲಿ ಸೆರೆಹಿಡಿದು ಜರ್ಮನಿಯ ಯುದ್ಧಸಾಮಗ್ರಿ ಕಾರ್ಖಾನೆಯಲ್ಲಿ ಬಲವಂತದ ದುಡಿಮೆಗೆ ಹಚ್ಚಿದ ಲುಯಿಜಿ ಫೆರಿನಿ, ಅರ್ಧ ಶತಮಾನದ ಬಳಿಕ ಇಟಲಿಯ ಕೋರ್ಟಿನಲ್ಲಿ ಪರಿಹಾರ ಕೇಳಿದರು. ಕೆಳಗಿನ ಎರಡು ಕೋರ್ಟುಗಳು ಜರ್ಮನಿಗೆ ವಿನಾಯಿತಿ ಇದೆಯೆಂದವು. 2004ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯ ಬೇರೆ ಮಾತು ಹೇಳಿತು: ಯಾವ ದೇಶವೂ ಮೀರಬಾರದ ಪರಮ ನಿಯಮಗಳನ್ನು ಉಲ್ಲಂಘಿಸಿದ ಕೃತ್ಯಕ್ಕೆ, ಅದು ಸಾರ್ವಭೌಮ ಕೃತ್ಯವೇ ಆಗಿದ್ದರೂ, ವಿನಾಯಿತಿಯ ಕವಚ ಸಿಗದು. ಇಲ್ಲಿ ಅಂಚಿನ ಗುರುತು ಸ್ಪಷ್ಟವಾಗಿ ‘ರೂ’. ನ್ಯಾಯಾಧೀಶರು ಇಟಲಿಯ ಕಾಯ್ದೆಯನ್ನು ಓದುತ್ತಿರಲಿಲ್ಲ, ಜಗತ್ತಿನ ಕಾನೂನು ಹೀಗಿದೆ ಎಂದು ಹೇಳುತ್ತಿದ್ದರು.

ಜಗತ್ತಿನ ಇತರ ಕೋರ್ಟುಗಳು ಹೂಂಗುಟ್ಟಿದವೇ? ಎರಡೇ ವರ್ಷದಲ್ಲಿ, 2006ರ ಜೂನಿನಲ್ಲಿ, ಸೌದಿ ಅರೇಬಿಯಾದಲ್ಲಿ ಚಿತ್ರಹಿಂಸೆಗೆ ಒಳಗಾದೆವೆಂದ ಬ್ರಿಟಿಷರ ‘ಜೋನ್ಸ್’ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಫೆರಿನಿಯನ್ನು ಹೆಸರಿಸಿ ಒಪ್ಪದೆ ಹೋಯಿತು. ಬೇರೆ ದೇಶಗಳು ಒಪ್ಪಿರದ ನಿಯಮವೊಂದನ್ನು, ಅದು ಎಷ್ಟೇ ಉದಾತ್ತವಾಗಿರಲಿ, ತಾನೊಬ್ಬನೇ ಘೋಷಿಸಿ ಅಂತರರಾಷ್ಟ್ರೀಯ ಕಾನೂನನ್ನು ಬೆಳೆಸುವುದು ಒಂದು ದೇಶದ ಕೋರ್ಟಿನ ಕೆಲಸವಲ್ಲ ಎಂಬುದು ಲಾರ್ಡ್ ಹಾಫ್‌ಮನ್ ಅವರ ವಾದ. ಪೋಲೆಂಡಿನ ಸುಪ್ರೀಂ ಕೋರ್ಟ್ 2010ರಲ್ಲಿ ಜರ್ಮನಿಯ ವಿರುದ್ಧವೇ ಬಂದ ದಾವೆಯಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಈ ನಡುವೆ ದಿಸ್ತೊಮೊ ಡಿಕ್ರಿಯನ್ನು ಇಟಲಿಯಲ್ಲಿ ಅಮಲು ಮಾಡಲು ಕೋಮೊ ಸರೋವರದ ಬಳಿಯಿರುವ ಜರ್ಮನ್ ಸರ್ಕಾರದ ಆಸ್ತಿ ವಿಲ್ಲಾ ವಿಗೋನಿಯ ಮೇಲೆ ಭಾರ (ಆಸ್ತಿಯಿಂದ ಬಾಕಿ ವಸೂಲು ಮಾಡುವ ಹಕ್ಕು) ದಾಖಲಾದಾಗ ಜರ್ಮನಿ ಹೇಗ್‌ಗೆ ಹೋಯಿತು.

2012ರ ಫೆಬ್ರವರಿ 3ರ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪನ್ನು ಈ ವಿಷಯದ ವಿದ್ಯಾರ್ಥಿಗಳು ಪೂರ್ತಿಯಾಗಿ ಓದಬೇಕು, ಫಲಿತಾಂಶಕ್ಕಾಗಿ ಮಾತ್ರವಲ್ಲ, ವಿಧಾನಕ್ಕಾಗಿ. ದೇಶದ ಕೋರ್ಟುಗಳ ತೀರ್ಪುಗಳು ವಿಶೇಷ ಮಹತ್ವದ ನಡವಳಿಕೆ ಎಂದು ಒಪ್ಪಿಕೊಂಡು, ನ್ಯಾಯಾಲಯವು ನಾವು ಪೆನ್ಸಿಲ್ ಹಿಡಿದು ಮಾಡಿದ ಕೆಲಸವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುತ್ತದೆ. ಕೆನಡಾ, ಬ್ರಿಟನ್, ಪೋಲೆಂಡ್, ಸ್ಲೊವೇನಿಯಾ, ನ್ಯೂಜಿಲೆಂಡ್‌ಗಳ ತೀರ್ಪುಗಳನ್ನು ಸಾಲಾಗಿ ಇಟ್ಟು, ಇಟಲಿಯ ಕೋರ್ಟುಗಳು ಬಹುತೇಕ ಒಂಟಿಯಾಗಿವೆ ಎಂದು ತೋರಿಸುತ್ತದೆ. ಪರಮ ನಿಯಮ ಏನು ಮಾಡಬಾರದೆಂದು ಹೇಳುತ್ತದೆ, ವಿನಾಯಿತಿಯ ನಿಯಮ ಯಾವ ಕೋರ್ಟು ವಿಚಾರಿಸಬೇಕೆಂದು ಹೇಳುತ್ತದೆ, ಎರಡಕ್ಕೂ ಘರ್ಷಣೆಯೇ ಇಲ್ಲ ಎನ್ನುತ್ತದೆ. 12ಕ್ಕೆ 3 ಮತಗಳಿಂದ ಜರ್ಮನಿ ಗೆದ್ದಿತು. ನ್ಯಾಯಮೂರ್ತಿಗಳಾದ ಕನ್ಸಾದೊ ತ್ರಿಂದಾದೆ, ಯೂಸುಫ್ ಮತ್ತು ಗಾಯಾ ಅವರ ಭಿನ್ನಮತಗಳನ್ನೂ ಓದಿ. ಬಲಿಪಶುವಿಗೆ ಬೇರೆ ಯಾವ ಬಾಗಿಲೂ ತೆರೆದಿಲ್ಲದಾಗ ಏನು ಎಂಬ ಪ್ರಶ್ನೆ ಅಲ್ಲಿ ಇನ್ನೂ ಬಿಸಿಯಾಗಿದೆ.

ಸರಪಳಿ ಅಲ್ಲಿಗೆ ಮುಗಿಯಲಿಲ್ಲ. 2014ರ ಅಕ್ಟೋಬರ್ 22ರಂದು ಇಟಲಿಯ ಸಂವಿಧಾನ ನ್ಯಾಯಾಲಯ 238ನೇ ಸಂಖ್ಯೆಯ ತೀರ್ಪಿನಲ್ಲಿ, ರೂಢಿ ಏನೆಂದು ಹೇಗ್ ಹೇಳಿದ್ದನ್ನು ತಾನು ಪ್ರಶ್ನಿಸುವುದಿಲ್ಲ, ಆದರೆ ಮನುಷ್ಯರ ಮೂಲ ಹಕ್ಕುಗಳಿಗೆ ನ್ಯಾಯಾಲಯದ ರಕ್ಷಣೆಯನ್ನು ಇಲ್ಲವಾಗಿಸುವ ರೂಢಿ ಇಟಲಿಯ ಸಂವಿಧಾನದ ಹೊಸ್ತಿಲನ್ನು ದಾಟಿ ಒಳಗೆ ಬರಲಾಗದು ಎಂದಿತು. ವ್ಯಾಪಾರಿ ಕೃತ್ಯಗಳಿಗೆ ವಿನಾಯಿತಿ ಇಲ್ಲವೆಂಬ ನಿಯಮವನ್ನು ಹಿಂದೆ ಕಟ್ಟಿದ್ದೂ ದೇಶದ ಕೋರ್ಟುಗಳೇ ಎಂದು ಅದು ನೆನಪಿಸುತ್ತದೆ. ಅಂಚಿನ ಗುರುತನ್ನು ಇಲ್ಲಿ ಜೋಪಾನವಾಗಿ ಹಾಕಿ: ತರ್ಕ ಸಂವಿಧಾನದ್ದು, ಹಾಗಾಗಿ ‘ಕಾ’ಗೆ ಹತ್ತಿರ, ಆಸೆ ಮಾತ್ರ ‘ರೂ’. ಆ ಆಸೆಯ ದನಿ ಬೇರೆಡೆಯೂ ಕೇಳಿತು. 1943ರಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ಮೀನುಗಾರಿಕಾ ದೋಣಿಯ ಪ್ರಕರಣದಲ್ಲಿ ಬ್ರೆಜಿಲ್‌ನ ಸರ್ವೋಚ್ಚ ನ್ಯಾಯಾಲಯ 2021ರ ಆಗಸ್ಟಿನಲ್ಲಿ, ರಷ್ಯಾದ ಆಕ್ರಮಣದ ಬಳಿಕ ಉಕ್ರೇನಿನ ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲ್ 14ರಂದು, ವಿದೇಶಿ ಸರ್ಕಾರಕ್ಕೆ ವಿನಾಯಿತಿ ನಿರಾಕರಿಸಿದವು. ಇದು ಹೊಸ ರೂಢಿಯ ಆರಂಭವೋ, ಅಲ್ಲಲ್ಲಿನ ಪ್ರತಿರೋಧವೋ ಎಂದು ಕೇಳಿದರೆ, ಇಷ್ಟು ಕೆಲವೇ ದೇಶಗಳ ತೀರ್ಪುಗಳಿಂದ ರೂಢಿ ಬದಲಾಗಿದೆ ಎಂದು ನಾನು ಬರೆಯಲಾರೆ. ಆದರೆ 1903ರಲ್ಲಿ ಬೆಲ್ಜಿಯಂ ತೀರ್ಪು ಬಂದಾಗಲೂ ಅದು ಅಲ್ಪಸಂಖ್ಯಾತರ ಮಾತೇ ಆಗಿತ್ತೆಂಬುದನ್ನು ಪಕ್ಕದಲ್ಲಿ ಬರೆದಿಡುತ್ತೇನೆ.

ಅಧಿಕಾರಿಗಳ ಕ್ರಿಮಿನಲ್ ಹೊಣೆಯ ಸರಪಳಿ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ಚಲನೆ ವೇಗವಾಗಿದೆ: 2021ರ ಜನವರಿ 28ರಂದು ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಅಫ್ಘನ್ ಸೇನೆಯ ಲೆಫ್ಟಿನೆಂಟ್ ಒಬ್ಬನಿಗೆ ಯುದ್ಧಾಪರಾಧದ ವಿಚಾರಣೆಯಿಂದ ಹುದ್ದೆಯ ವಿನಾಯಿತಿ ಇಲ್ಲವೆಂದಿತು, 2025ರ ಜುಲೈ 25ರಂದು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಸಿರಿಯಾದ ಅಸಾದ್ ಅಧ್ಯಕ್ಷರಾಗಿದ್ದಾಗ ಹೊರಟ ವಾರಂಟನ್ನು ರದ್ದು ಮಾಡಿ ವೈಯಕ್ತಿಕ ವಿನಾಯಿತಿಯನ್ನು ಕಾಪಾಡಿತು, ಹುದ್ದೆಯ ವಿನಾಯಿತಿಯನ್ನು ಮಾತ್ರ ಇಂಥ ಅಪರಾಧಗಳಿಗೆ ನಿರಾಕರಿಸಿತು.

ನಮ್ಮ ತೀರ್ಪುಗಳ ಅಂಚು

ಭಾರತದ ತೀರ್ಪುಗಳಿಗೆ ಪೆನ್ಸಿಲ್ ಹಚ್ಚಿದರೆ ‘ಕಾ’ ಎಂಬ ಅಕ್ಷರವೇ ಸಾಲುಗಟ್ಟುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಸಮ್ಮತಿ ಇಲ್ಲದೆ ವಿದೇಶಿ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ. ಚಹಾ ಮಾರಾಟದ ಕರಾರಿನಿಂದ ಹುಟ್ಟಿ ಕಲ್ಕತ್ತಾ ಹೈಕೋರ್ಟಿನಿಂದ ಬಂದ ‘ಮಿರ್ಜಾ ಅಲಿ ಅಕ್ಬರ್ ಕಶಾನಿ’ ಪ್ರಕರಣದಲ್ಲಿ, ಹೆಸರಿನಲ್ಲೇ ಗದಗ ಜಿಲ್ಲೆಯ ಗಜೇಂದ್ರಗಡವನ್ನು ಹೊತ್ತ ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಅವರು 1965ರಲ್ಲಿ, ಈ ಕಲಮು ಅಂತರರಾಷ್ಟ್ರೀಯ ಕಾನೂನಿನ ವಿನಾಯಿತಿಯ ತತ್ತ್ವವನ್ನು ಒಂದು ಮಟ್ಟಿಗೆ ಮಾರ್ಪಡಿಸುತ್ತದೆ ಎಂದು ಬರೆದರು. ಸಮ್ಮತಿ ಪಡೆದಿರಲಿಲ್ಲವಾದ್ದರಿಂದ ದಾವೆ ನಿಲ್ಲಲಿಲ್ಲ. ಆ ಒಂದು ಸಾಲಿಗಾಗಿ ಈ ತೀರ್ಪು ಮುಖ್ಯ: ನಮ್ಮಲ್ಲಿ ಕೋರ್ಟು ನೇರವಾಗಿ ರೂಢಿಯನ್ನು ಕೇಳುವ ಮೊದಲು ದೆಹಲಿಯ ಸಚಿವಾಲಯವನ್ನು ಕೇಳಬೇಕು.

ಹಾಗಿದ್ದರೂ ನಮ್ಮ ಕೋರ್ಟುಗಳು ಸುಮ್ಮನೆ ಕುಳಿತಿಲ್ಲ. ಅಲ್ಜೀರಿಯಾ ರಾಯಭಾರಿಯ ನಿವಾಸದ ದುರಸ್ತಿ ಮಾಡಿ ಹಣ ಸಿಗದ ಗುತ್ತಿಗೆದಾರರಿಗೆ ಸರ್ಕಾರ ‘ರಾಜಕೀಯ ಕಾರಣ’ಗಳಿಂದ ಸಮ್ಮತಿ ನಿರಾಕರಿಸಿದಾಗ, ಸುಪ್ರೀಂ ಕೋರ್ಟ್ 1986ರ ‘ಹರ್‌ಭಜನ್ ಸಿಂಗ್ ಧಲ್ಲಾ’ ತೀರ್ಪಿನಲ್ಲಿ ಕಾರಣ ಕೊಟ್ಟು ಮರುಪರಿಶೀಲಿಸುವಂತೆ ಆದೇಶಿಸಿತು. ಕಲೋನ್‌ನ ಹೀಟಿಂಗ್ ಬಿಲ್ಲನ್ನೂ ದೆಹಲಿಯ ದುರಸ್ತಿ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಾಸ್ತವಾಂಶ ಒಂದೇ, ದಾರಿ ಪೂರ್ತಿ ಬೇರೆ. ಅಲ್ಲಿ ಕೋರ್ಟು ಜಗತ್ತಿನ ನಿಯಮ ಹುಡುಕಿತು, ಇಲ್ಲಿ ಕೋರ್ಟು ಸರ್ಕಾರದ ವಿವೇಚನೆಯನ್ನು ಒರೆಗೆ ಹಚ್ಚಿತು. ಮುಂಬಯಿಯಿಂದ ತಾಂಜಾನಿಯಾಕ್ಕೆ ಕಳಿಸಿದ ಬಣ್ಣದ ಸರಕು ಹಾಳಾದ ‘ಇಥಿಯೋಪಿಯನ್ ಏರ್‌ಲೈನ್ಸ್’ ಪ್ರಕರಣದಲ್ಲಿ 2011ರಲ್ಲಿ, ಗ್ರಾಹಕ ವೇದಿಕೆಯ ಮುಂದೆ ವಿದೇಶಿ ಸರ್ಕಾರದ ವಿಮಾನ ಸಂಸ್ಥೆ 86ನೇ ಕಲಮಿನ ಆಶ್ರಯ ಪಡೆಯಲಾಗದು ಎಂದು ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಅವರ ಪೀಠ ಹೇಳಿತು. ಮರುವರ್ಷವೇ ಅವರು ಹೇಗ್‌ನ ಪೀಠಕ್ಕೆ ಆಯ್ಕೆಯಾದರು. 2021ರ ಜೂನಿನಲ್ಲಿ ದೆಹಲಿ ಹೈಕೋರ್ಟ್ ಅಫ್ಘಾನಿಸ್ತಾನದ ದೂತಾವಾಸ ಮತ್ತು ಇಥಿಯೋಪಿಯಾದ ಶಿಕ್ಷಣ ಸಚಿವಾಲಯದ ವಿರುದ್ಧದ ಮಧ್ಯಸ್ಥಿಕೆ ಐತೀರ್ಪುಗಳ ಅಮಲ್ಜಾರಿಗೆ ಕೇಂದ್ರದ ಸಮ್ಮತಿ ಬೇಡವೆಂದಿತು. ವಕೀಲರಿಗೆ ಇದರಿಂದ ಸಿಗುವ ಕೆಲಸದ ಮಾತು ಒಂದಿದೆ: ವಿದೇಶಿ ದೂತಾವಾಸದೊಂದಿಗೆ ಕರಾರು ಮಾಡುವ ಕಕ್ಷಿದಾರರಿಗೆ ಮಧ್ಯಸ್ಥಿಕೆಯ ಷರತ್ತನ್ನು ಬರೆಸಿಕೊಳ್ಳಲು ಹೇಳಿ.

ನಮ್ಮ ಕರಾವಳಿಯ ಪಕ್ಕದಲ್ಲೇ ನಡೆದ ‘ಎನ್ರಿಕಾ ಲೆಕ್ಸಿ’ ಪ್ರಕರಣವನ್ನೂ ಈ ಕಣ್ಣಿನಿಂದ ನೋಡಬೇಕು. 2012ರ ಫೆಬ್ರವರಿ 15ರಂದು ಕೇರಳದ ಆಚೆಯ ಕಡಲಿನಲ್ಲಿ ಇಟಲಿಯ ಹಡಗಿನಲ್ಲಿದ್ದ ನೌಕಾ ಯೋಧರ ಗುಂಡಿಗೆ ಇಬ್ಬರು ಮೀನುಗಾರರು ಬಲಿಯಾದರು. ಕೇರಳ ಹೈಕೋರ್ಟ್ ಆ ಮೇ ತಿಂಗಳಿನಲ್ಲಿ ವಿನಾಯಿತಿಯ ವಾದವನ್ನು ತಳ್ಳಿಹಾಕಿತು. 2020ರ ಮೇ 21ರಂದು ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ 3ಕ್ಕೆ 2 ಮತಗಳಿಂದ, ಯೋಧರು ಸರ್ಕಾರದ ಪರವಾಗಿ ವರ್ತಿಸಿದ್ದರಿಂದ ಅವರಿಗೆ ಹುದ್ದೆಯ ವಿನಾಯಿತಿ ಇದೆ, ಭಾರತ ಅವರನ್ನು ವಿಚಾರಿಸುವಂತಿಲ್ಲ, ಆದರೆ ಪರಿಹಾರ ಸಲ್ಲಬೇಕು ಎಂದಿತು. 10 ಕೋಟಿ ರೂಪಾಯಿ ಠೇವಣಿಯಾದ ಮೇಲೆ 2021ರ ಜೂನ್ 15ರಂದು ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಗಿಸಿತು. ತನ್ನ ಕೋರ್ಟುಗಳಲ್ಲಿ ಜರ್ಮನಿಗೆ ವಿನಾಯಿತಿ ನಿರಾಕರಿಸಿದ ಇಟಲಿಯೇ ತನ್ನ ಯೋಧರಿಗಾಗಿ ವಿನಾಯಿತಿ ಕೇಳಿತೆಂಬುದನ್ನು ಗಮನಿಸಿ. ಒಂದು ದೇಶದ ವಿನಾಯಿತಿ, ಇನ್ನೊಂದು ಅಧಿಕಾರಿಗಳದ್ದು. ಹಾಗಾಗಿ ಇದು ನೇರ ವಿರೋಧಾಭಾಸವಲ್ಲ. ಆದರೂ ಇಟಲಿಯ ನಡವಳಿಕೆಯನ್ನು ತೂಗುವವರು ಎರಡನ್ನೂ ತಕ್ಕಡಿಗೆ ಹಾಕಲೇಬೇಕು.

ಟಿಪ್ಪಣಿ ಬರೆಯುವಾಗ

ಓದಿದ್ದನ್ನು ಬರೆಯುವಾಗ ಕ್ರಿಯಾಪದವನ್ನು ಅಳೆದು ಇಡಿ. ‘ಫೆರಿನಿ ತೀರ್ಪು ಅಂತರರಾಷ್ಟ್ರೀಯ ಕಾನೂನನ್ನು ಬದಲಿಸಿತು’ ಎಂದು ಬರೆಯಬೇಡಿ. ‘ಪರಮ ನಿಯಮದ ಉಲ್ಲಂಘನೆಗೆ ದೇಶದ ವಿನಾಯಿತಿ ಇಲ್ಲವೆಂದು ಇಟಲಿಯ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ರೂಢಿಯ ಆಧಾರದ ಮೇಲೆ ಹೇಳಿತು, 2006ರಲ್ಲಿ ಬ್ರಿಟನ್, 2010ರಲ್ಲಿ ಪೋಲೆಂಡ್ ಒಪ್ಪಲಿಲ್ಲ, 2012ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನು ತಿರಸ್ಕರಿಸಿತು, 2014ರಿಂದ ಇಟಲಿ ಅದೇ ಫಲವನ್ನು ಸಂವಿಧಾನದ ಆಧಾರದ ಮೇಲೆ ಮುಂದುವರಿಸಿದೆ’ ಎಂದು ಬರೆಯಿರಿ. ಉದ್ದವಾಗುತ್ತದೆ, ಆದರೆ ಪ್ರತಿಯೊಂದು ತುಂಡಿಗೂ ನಿಮ್ಮ ಕೈಯಲ್ಲಿ ಪುಟವಿರುತ್ತದೆ. ಹೆಡ್‌ನೋಟ್ (ತೀರ್ಪಿನ ಮೇಲೆ ಅಚ್ಚಾಗುವ ಸಾರಾಂಶ) ನೆಚ್ಚಿ ಬರೆಯಬೇಡಿ, ಕಾಯ್ದೆಯೋ ರೂಢಿಯೋ ಎಂಬುದು ಅಲ್ಲಿ ಬಹುತೇಕ ಅಳಿಸಿಹೋಗಿರುತ್ತದೆ. ಅನುವಾದದಲ್ಲಿ ಓದಿದ ತೀರ್ಪಾದರೆ ಅದನ್ನೂ ತಿಳಿಸಿ.

ಟಿಪ್ಪಣಿಯ ತಲೆಯಲ್ಲಿ ದಿನಾಂಕ ಹಾಕಿ. ಜಪಾನ್ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಕೊರಿಯಾದ 12 ಮಹಿಳೆಯರ ದಾವೆಯಲ್ಲಿ ಸೋಲ್ ಜಿಲ್ಲಾ ನ್ಯಾಯಾಲಯ 2021ರ ಜನವರಿ 8ರಂದು ಜಪಾನಿಗೆ ವಿನಾಯಿತಿ ನಿರಾಕರಿಸಿ ತಲಾ 10 ಕೋಟಿ ವಾನ್ ಪರಿಹಾರ ಕೊಡಿಸಿತು. ಅದೇ ನ್ಯಾಯಾಲಯದ ಇನ್ನೊಂದು ಪೀಠ ಏಪ್ರಿಲ್ 21ರಂದು ಬೇರೆ ಸಂತ್ರಸ್ತರ ದಾವೆಯನ್ನು ವಿನಾಯಿತಿಯ ಕಾರಣ ಕೊಟ್ಟು ವಜಾ ಮಾಡಿತು. 2023ರ ನವೆಂಬರ್ 23ರಂದು ಸೋಲ್ ಹೈಕೋರ್ಟ್ ಆ ವಜಾ ಆದೇಶವನ್ನು ತಿರುಗಿಸಿತು. ಈ ಮೂರು ದಿನಾಂಕಗಳ ನಡುವೆ ಎಲ್ಲಿ ನಿಂತು ಬರೆದಿರಿ ಎಂಬುದನ್ನು ಓದುಗರಿಗೆ ಆ ತಲೆಬರಹದ ದಿನಾಂಕವೇ ಹೇಳುತ್ತದೆ.